ಮೀಟರಿಗೂ ಮೊದಲು ಗ್ರೌಂಡ್: ಆಫ್‌ರೋಡ್ ಗಾಡಿಯಲ್ಲಿ ಸಿಬಿ ಆಂಟೆನಾ ಹೊಂದಿಸುವ ಒಂದು ದಿನ

ಆಫ್‌ರೋಡ್ ಗಾಡಿಗೆ ಸಿಬಿ (ಸಿಟಿಜನ್ಸ್ ಬ್ಯಾಂಡ್, ಅಂದರೆ ಸಾಮಾನ್ಯ ಜನ ಪರಸ್ಪರ ಮಾತಾಡಲು ಬಳಸುವ) ರೇಡಿಯೋ ಕೂರಿಸುವ ದಿನ ಸೆಟ್ಟಿನ ಎದುರು ಕಳೆಯುವ ಹೊತ್ತು ಕಡಿಮೆ. ಹೆಚ್ಚಿನ ಹೊತ್ತು ಹೋಗುವುದು ಗಾಡಿಯ ಹಿಂಬದಿಯಲ್ಲಿ, ಆಂಟೆನಾ ಬ್ರ್ಯಾಕೆಟ್ಟಿನ ಬುಡದಲ್ಲಿ. ಸೆಟ್ಟು ಕಾರ್ಖಾನೆಯಿಂದಲೇ ಹೊಂದಿಸಿಕೊಂಡು ಬಂದಿರುತ್ತದೆ. ಅಮೆರಿಕದ ನಿಯಮದ ಪ್ರಕಾರ ಎಎಂನಲ್ಲಿ ಅದರ ಶಕ್ತಿ 4 ವಾಟ್, ಅಷ್ಟೇ. ಆ 4 ವಾಟ್ ಗಾಳಿಗೆ ಏರುತ್ತದೋ, ಕೇಬಲ್ಲಿನಲ್ಲಿ ಬಿಸಿಯಾಗಿ ಮುಗಿಯುತ್ತದೋ ಎನ್ನುವುದು ಆಂಟೆನಾ ಮತ್ತು ಅದರ ಗ್ರೌಂಡಿಗೆ, ಅಂದರೆ ಗಾಡಿಯ ಲೋಹದ ಮೈಯೊಂದಿಗಿನ ಸಂಪರ್ಕಕ್ಕೆ, ಬಿಟ್ಟ ವಿಚಾರ. ಡಬ್ಬಿ ಬಿಚ್ಚಿ ಒಳಗಿನ ಪ್ರಿಸೆಟ್ಟುಗಳನ್ನು (ಕಾರ್ಖಾನೆಯಲ್ಲಿ ಹೊಂದಿಸಿಟ್ಟ ತಿರುಪುಗಳನ್ನು) ತಿರುವಿ ಶಕ್ತಿ ಹೆಚ್ಚಿಸಲು ಹೋಗುವವರಿದ್ದಾರೆ. ಅದರಿಂದ ಮಾತು ಒಡೆದು ಕೇಳುತ್ತದೆ, ಅಕ್ಕಪಕ್ಕದ ಚಾನೆಲ್‌ಗಳಿಗೆ ರಾಚುತ್ತದೆ, ನಿಯಮಕ್ಕೂ ವಿರುದ್ಧ. ಆ ಶ್ರಮದ ಅರ್ಧವನ್ನು ಬ್ರ್ಯಾಕೆಟ್ಟಿನ ಪೇಂಟ್ ಕೆರೆಯಲು ಹಾಕಿದರೆ ದಕ್ಕುವುದು ಎಷ್ಟೋ ಹೆಚ್ಚು.

ಸಿಬಿಯ 40 ಚಾನೆಲ್‌ಗಳು 26.965ರಿಂದ 27.405 ಮೆಗಾಹರ್ಟ್ಸ್‌ವರೆಗೆ ಹರಡಿವೆ. ಈ ತರಂಗದ ಉದ್ದ ಸುಮಾರು 11 ಮೀಟರ್, ಅದರ ಕಾಲು ಭಾಗ ಹತ್ತಿರಹತ್ತಿರ 2.75 ಮೀಟರ್. ಅಷ್ಟುದ್ದದ ಉಕ್ಕಿನ ಕಡ್ಡಿ ನಿಲ್ಲಿಸಿಕೊಂಡು ಕೊಂಬೆಗಳ ಅಡಿಯಲ್ಲಿ ನುಗ್ಗುವುದು ಕಷ್ಟವಾದ್ದರಿಂದ ಬಹಳ ಜನ 90 ಸೆಂಟಿಮೀಟರಿನಿಂದ 1.2 ಮೀಟರಿನವರೆಗಿನ ಫೈಬರ್‌ಗ್ಲಾಸ್ ಕಡ್ಡಿ ಹಾಕುತ್ತಾರೆ. ಉದ್ದದಲ್ಲಿ ಕಡಿಮೆಯಾದದ್ದನ್ನು ಅದರ ಮೈಗೆ ಸುತ್ತಿದ ತಂತಿ ತುಂಬಿಕೊಡುತ್ತದೆ. ಆದರೆ ಕಡ್ಡಿ ಗಿಡ್ಡವಾದಷ್ಟೂ ಅದು ಸರಿಯಾಗಿ ಕೆಲಸ ಮಾಡುವ ಆವರ್ತನದ ಹರವು ಕಿರಿದಾಗುತ್ತದೆ. ತುದಿಯಲ್ಲಿ ಕೆಲವೇ ಮಿಲಿಮೀಟರ್ ಆಚೀಚೆ ಆದರೂ ಎಸ್‌ಡಬ್ಲ್ಯೂಆರ್ ಮೀಟರಿನ ಮುಳ್ಳು ಕದಲುತ್ತದೆ; ಕಳಿಸಿದ ಶಕ್ತಿಯಲ್ಲಿ ಎಷ್ಟು ಆಂಟೆನಾದಿಂದ ಹಿಂದಿರುಗುತ್ತದೆ ಎಂದು ತೋರಿಸುವ ಮೀಟರಿದು, ಅಂಕಿ 1ಕ್ಕೆ ಹತ್ತಿರವಾದಷ್ಟೂ ಒಳ್ಳೆಯದು. ಜಾಗವಿದ್ದರೆ 1.2 ಮೀಟರಿಗಿಂತ ಚಿಕ್ಕದಕ್ಕೆ ಇಳಿಯದಿರುವುದು ಒಳ್ಳೆಯದು. ಕಡ್ಡಿಯ ಮೂರನೇ ಎರಡು ಪಾಲಾದರೂ ಗಾಡಿಯ ಚಾವಣಿಗಿಂತ ಮೇಲೆ ನಿಲ್ಲಬೇಕು. ಬಂಪರಿನಲ್ಲಿ ಕೂರಿಸಿ ಕಡ್ಡಿಯನ್ನು ಗಾಡಿಯ ಮೈಗೆ ಒರಗಿಕೊಂಡಂತೆ ಬಿಟ್ಟರೆ ಮುಂದೆ ಎಷ್ಟು ಟ್ಯೂನ್ ಮಾಡಿದರೂ ರೀಡಿಂಗ್ ಪೂರ್ತಿ ಇಳಿಯುವುದಿಲ್ಲ.

ಈಗ ಗ್ರೌಂಡಿನ ವಿಚಾರ. ಕಡ್ಡಿ ಆಂಟೆನಾದ ಅರ್ಧ ಮಾತ್ರ, ಉಳಿದರ್ಧ ಗಾಡಿಯ ಲೋಹದ ಮೈ. ಬ್ರ್ಯಾಕೆಟ್ಟಿಗೂ ಆ ಮೈಗೂ ಸಂಪರ್ಕ ಸರಿಯಿಲ್ಲದಿದ್ದರೆ ಆಂಟೆನಾ ತನ್ನ ಉಳಿದರ್ಧವನ್ನು ಕೇಬಲ್ಲಿನ ಹೊರಜಾಲರಿಯಲ್ಲಿ ಹುಡುಕಿಕೊಳ್ಳುತ್ತದೆ. ಆಗ ಕೇಬಲ್ ಮುಟ್ಟಿದರೆ ರೀಡಿಂಗ್ ಬದಲಾಗುತ್ತದೆ, ಕೇಬಲ್ ಸರಿಸಿದರೆ ಮತ್ತೊಂದು ರೀಡಿಂಗ್. ಈ ಲಕ್ಷಣ ಕಂಡರೆ ಕಡ್ಡಿಯ ತಂಟೆಗೆ ಹೋಗದೆ ಬುಡಕ್ಕೆ ಹೋಗಿ.

ಆಫ್‌ರೋಡ್ ಬಿಡಿಭಾಗಗಳಿಗೆಲ್ಲ ಪೌಡರ್ ಕೋಟಿಂಗ್ ಇರುತ್ತದೆ, ಅದು ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಬೋಲ್ಟ್ ಕೂರುವ ಜಾಗದಲ್ಲಿ, ಬ್ರ್ಯಾಕೆಟ್ಟಿನ ಎರಡೂ ಮುಖಗಳಲ್ಲಿ ಮತ್ತು ಬಾಡಿಯ ಕಡೆ ವಾಷರಿನಷ್ಟಗಲ ಕೆರೆದು ಹೊಳೆಯುವ ಲೋಹ ಕಾಣಿಸಬೇಕು. ಹಲ್ಲಿರುವ ಸ್ಟಾರ್ ವಾಷರ್ ಹಾಕಿ ಬಿಗಿ ಮಾಡಿ, ಆಮೇಲೆ ಸುತ್ತ ಪೇಂಟ್ ಬಳಿದು ತುಕ್ಕು ತಡೆಯಿರಿ. ಬಿಗಿಯುವ ಮೊದಲು ಬಳಿದರೆ ಮಾಡಿದ ಕೆಲಸ ವ್ಯರ್ಥ. ಸ್ಟೆಪ್ನಿ ಹೊತ್ತು ತಿರುಗುವ ಚೌಕಟ್ಟಿನ ಮೇಲೆ ಆಂಟೆನಾ ಕೂರಿಸಿದ್ದರೆ ಹೆಚ್ಚಿನ ಜಾಗ್ರತೆ ಬೇಕು: ಅದರ ಹಿಂಜಿನಲ್ಲಿ ಗ್ರೀಸು, ನೈಲಾನ್ ಬುಷ್ ಇರುತ್ತವೆ, ಸಂಪರ್ಕ ಒಮ್ಮೆ ಇದ್ದು ಒಮ್ಮೆ ಇರುವುದಿಲ್ಲ. ಅಲ್ಲಿ ಚಾಸಿಗೆ ಹೆಣೆದ ತಾಮ್ರದ ಪಟ್ಟಿಯೇ ಬೇಕು.

ಪಟ್ಟಿಯೇ ಏಕೆ, ತಂತಿ ಏಕಲ್ಲ? ಮಲ್ಟಿಮೀಟರಿನಲ್ಲಿ ಬ್ರ್ಯಾಕೆಟ್ಟಿನಿಂದ ಬ್ಯಾಟರಿ ನೆಗೆಟಿವ್‌ಗೆ ಅಳೆದರೆ ಅರ್ಧ ಓಮ್‌ಗಿಂತ ಕಡಿಮೆ ಬರಬೇಕು, ಅದು ಮೊದಲ ಪರೀಕ್ಷೆ. ಆದರೆ ಒಂದು ಮೀಟರ್ ಉದ್ದದ ಸಣ್ಣ ತಂತಿಯೂ ಆ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಅದೇ ತಂತಿಗೆ ಸುಮಾರು 1 ಮೈಕ್ರೋಹೆನ್ರಿ ಇಂಡಕ್ಟೆನ್ಸ್ (ಆವರ್ತನ ಏರಿದಷ್ಟೂ ಹೆಚ್ಚು ತಡೆಯುವ ಗುಣ) ಇರುತ್ತದೆ, 27 ಮೆಗಾಹರ್ಟ್ಸ್‌ನಲ್ಲಿ ಅದು 170 ಓಮ್ ತಡೆ ಒಡ್ಡುತ್ತದೆ. ಮಲ್ಟಿಮೀಟರ್ ನೋಡುವುದು ನೇರ ವಿದ್ಯುತ್ತನ್ನು, ರೇಡಿಯೋ ಹರಿಸುವುದು ಬೇರೆಯದನ್ನು. ಆದ್ದರಿಂದ ಪಟ್ಟಿ ಅಗಲವಾಗಿರಲಿ, ಹಿಂಜ್ ಅಡ್ಡಾಡುವಷ್ಟು ಸಡಿಲ ಬಿಟ್ಟು ಆದಷ್ಟೂ ಗಿಡ್ಡವಾಗಿರಲಿ.

ಇನ್ನು ಆಂಟೆನಾ ಸ್ಟಡ್, ಅಂದರೆ ಕಡ್ಡಿಯನ್ನು ಬ್ರ್ಯಾಕೆಟ್ಟಿಗೆ ಕೂರಿಸಿ ಕೇಬಲ್ಲಿಗೆ ಸೇರಿಸುವ ಬೋಲ್ಟು. ಇದರ ನಡುವಿನ ಭಾಗ ಬ್ರ್ಯಾಕೆಟ್ಟಿಗೆ ತಾಗಲೇಬಾರದು. ನಡುವೆ ಬರುವ ನೈಲಾನ್ ವಾಷರಿಗೆ ಒಂದು ಮೆಟ್ಟಿಲಿರುತ್ತದೆ, ಆ ಮೆಟ್ಟಿಲು ತೂತಿನೊಳಗೆ ಇಳಿದು ಕೂರಬೇಕು. ಓರೆಯಾಗಿ ಕೂತರೆ ಬಿಗಿಯುವಾಗ ಸೀಳಿ ಸ್ಟಡ್ ಬ್ರ್ಯಾಕೆಟ್ಟಿಗೆ ಶಾರ್ಟ್ ಆಗುತ್ತದೆ. ಕೇಬಲ್ಲನ್ನು ರೇಡಿಯೋದಿಂದ ಬಿಚ್ಚಿಟ್ಟು ನೋಡಿ: ಕೇಬಲ್ಲಿನ ರೇಡಿಯೋ ತುದಿಯ ಪಿಎಲ್-259 ಪ್ಲಗ್ಗಿನ ಪಿನ್ನಿಂದ ಸ್ಟಡ್‌ಗೆ ಸೊನ್ನೆಯ ಹತ್ತಿರ, ಪ್ಲಗ್ಗಿನ ಹೊರಮೈಯಿಂದ ಬ್ರ್ಯಾಕೆಟ್ಟಿಗೂ ಹಾಗೆಯೇ, ಪಿನ್ನಿಂದ ಹೊರಮೈಗೆ ಮಾತ್ರ ಏನೂ ತೋರಿಸಬಾರದು. ಒಳಗೇ ಗ್ರೌಂಡಿಗೆ ಜೋಡಿಸಿದ ಕಾಯಿಲ್ ಇರುವ ಕೆಲವು ಆಂಟೆನಾಗಳಲ್ಲಿ ಈ ಕೊನೆಯ ಮಾತು ಅನ್ವಯಿಸದು. ಅದಕ್ಕಾಗಿ ಕಡ್ಡಿ ಕಳಚಿಟ್ಟೇ ಅಳೆಯಬೇಕು.

ಕೇಬಲ್ 50 ಓಮ್‌ನದಾಗಿರಲಿ. ಆರ್‌ಜಿ-58 ನಡೆಯುತ್ತದೆ, ಆರ್‌ಜಿ-8ಎಕ್ಸ್ ಇನ್ನೂ ಒಳ್ಳೆಯದು. ಟಿವಿಯ 75 ಓಮ್ ಕೇಬಲ್ ಒಂಟಿ ಆಂಟೆನಾಗೆ ಬೇಡ. ಉಳಿದ ಕೇಬಲ್ಲನ್ನು ಬಿಗಿ ಸುರುಳಿ ಸುತ್ತಿ ಸೀಟಿನಡಿ ತುರುಕದೆ, ಮೊಳದುದ್ದದ ಸಡಿಲ ಮಡಿಕೆಯಾಗಿ ಬಿಡಿ. ಬಾಗಿಲ ಸಂದಿಯಲ್ಲಿ ಜಜ್ಜಿದ ಕೇಬಲ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಕೆಟ್ಟಿರುತ್ತದೆ. ಗ್ರೌಂಡ್ ಪ್ಲೇನ್ (ಗಾಡಿಯ ಲೋಹದ ಮೈ) ಬೇಡದ ಆಂಟೆನಾ ಕಿಟ್ಟಿನ ಕೇಬಲ್ಲಿನ ಕಥೆಯೇ ಬೇರೆ; ಅದರ ಉದ್ದ ಲೆಕ್ಕ ಹಾಕಿ ಕೊಟ್ಟದ್ದು, ಕತ್ತರಿಸುವಂತಿಲ್ಲ.

ಇಷ್ಟಾದ ಮೇಲೆ ಎಸ್‌ಡಬ್ಲ್ಯೂಆರ್ ಮೀಟರ್. ಗಾಡಿಯನ್ನು ಬಯಲಿಗೆ ತಂದು ನಿಲ್ಲಿಸಿ. ಶೆಡ್ಡಿನೊಳಗೆ, ತಗಡಿನ ಗೋಡೆಯ ಪಕ್ಕ, ಇನ್ನೊಂದು ಗಾಡಿಯ ಮಗ್ಗುಲಲ್ಲಿ ಬರುವ ರೀಡಿಂಗ್ ನಂಬುವಂಥದ್ದಲ್ಲ. ಬಾಗಿಲು, ಬಾನೆಟ್, ಹಿಂಬಾಗಿಲು ಮುಚ್ಚಿರಲಿ, ಆಂಟೆನಾ ಹತ್ತಿರ ಯಾರೂ ನಿಲ್ಲದಿರಲಿ. ಓಡಿಸುವಾಗ ಇರುವ ಸ್ಪ್ರಿಂಗ್, ಕ್ವಿಕ್ ಡಿಸ್‌ಕನೆಕ್ಟ್ (ಕಡ್ಡಿಯನ್ನು ಬೇಗ ಕಳಚುವ ಜೋಡಣೆ) ಈಗಲೂ ಇರಬೇಕು. ಆಮೇಲೆ ಹಾಕಿದರೆ ಅವುಗಳ ಉದ್ದವೂ ಸೇರಿ ಟ್ಯೂನ್ ಕೆಡುತ್ತದೆ. ರೇಡಿಯೋದಿಂದ ಗಿಡ್ಡ 50 ಓಮ್ ಜಂಪರ್ ಮೀಟರಿನಲ್ಲಿ ಟಿಎಕ್ಸ್ ಎಂದು ಬರೆದ ಸಾಕೆಟ್ಟಿಗೆ, ಆಂಟೆನಾ ಕೇಬಲ್ ಎಎನ್‌ಟಿ ಎಂದು ಬರೆದದ್ದಕ್ಕೆ. ಆಂಟೆನಾ ಜೋಡಿಸದೆ ಪಿಟಿಟಿ (ಮೈಕಿನ ಮೇಲಿನ ಮಾತಾಡುವ ಗುಂಡಿ) ಒತ್ತಬೇಡಿ, ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟುಹೋಗಬಹುದು.

ಚಾನೆಲ್ 1ಕ್ಕೆ ಹೋಗಿ, ಯಾರೂ ಮಾತಾಡುತ್ತಿಲ್ಲ ಎಂದು ಕೇಳಿ ಖಾತ್ರಿ ಮಾಡಿಕೊಳ್ಳಿ. ಎಎಂ ಮೋಡ್, ಮೀಟರಿನ ಸ್ವಿಚ್ಚು ಎಫ್‌ಡಬ್ಲ್ಯೂಡಿಯಲ್ಲಿ (ಹೋಗುವ ಶಕ್ತಿ). ಮಾತಾಡದೆ ಪಿಟಿಟಿ ಒತ್ತಿ, ಕ್ಯಾಲ್ ತಿರುಪಿನಿಂದ ಮುಳ್ಳನ್ನು ಸೆಟ್ ಗೆರೆಗೆ ತನ್ನಿ, ಸ್ವಿಚ್ಚನ್ನು ಆರ್‌ಇಎಫ್‌ಗೆ (ಹಿಂದಿರುಗುವ ಶಕ್ತಿ) ಹಾಕಿ ಓದಿ, ಬಿಡಿ. ಐದಾರು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿಯುವ ಅಗತ್ಯವಿಲ್ಲ. ಹಾಗೆಯೇ 20ರಲ್ಲಿ, 40ರಲ್ಲಿ. ಪ್ರತಿ ಚಾನೆಲ್ಲಿಗೂ ಕ್ಯಾಲ್ ಹೊಸದಾಗಿ ಹೊಂದಿಸಬೇಕು. 9ನೇ ಚಾನೆಲ್ ಅಮೆರಿಕದಲ್ಲಿ ತುರ್ತು ಕರೆಗೆ ಮೀಸಲು, ಪರೀಕ್ಷೆಗೆ ಬಳಸಬಾರದು.

ಮೂರೂ ಕಡೆ 3ಕ್ಕಿಂತ ಮೇಲಿದ್ದರೆ ಉದ್ದವನ್ನು ಮುಟ್ಟದೆ ನಿಲ್ಲಿಸಿ. ಶಾರ್ಟೋ, ತುಂಡಾದ ಕೇಬಲ್ಲೋ, ಇಲ್ಲದ ಗ್ರೌಂಡೋ ಇರುತ್ತದೆ. ಅದಕ್ಕಿಂತ ಕೆಳಗಿದ್ದರೆ 1 ಮತ್ತು 40ನ್ನು ಹೋಲಿಸಿ. 40ರಲ್ಲಿ ಹೆಚ್ಚಿದ್ದರೆ ಆಂಟೆನಾ ಉದ್ದವಾಗಿದೆ, 1ರಲ್ಲಿ ಹೆಚ್ಚಿದ್ದರೆ ಗಿಡ್ಡವಾಗಿದೆ. ತುದಿಯಲ್ಲಿ ತಿರುಪಿರುವ ಕಡ್ಡಿಯಾದರೆ ಒಂದೆರಡು ಸುತ್ತು ಒಳಗೋ ಹೊರಗೋ ತಿರುಗಿಸಿ, ಲಾಕ್‌ನಟ್ ಬಿಗಿದು, ದೂರ ಸರಿದು ಮತ್ತೆ ಅಳೆಯಿರಿ. ಉಕ್ಕಿನ ಕಡ್ಡಿಯಾದರೆ ಮೊದಲು ಸೆಟ್ ಸ್ಕ್ರೂ ಸಡಿಲಿಸಿ ಕೆಳಗಿಳಿಸಿ. ಕತ್ತರಿಸಲೇಬೇಕಾದರೆ ಒಂದು ಸಲಕ್ಕೆ 5 ಮಿಲಿಮೀಟರ್ ಸಾಕು, ಕತ್ತರಿಸಿದ್ದನ್ನು ಮತ್ತೆ ಸೇರಿಸಲಾಗದು. ತಿರುಪನ್ನು ಪೂರ್ತಿ ಹೊರತೆಗೆದರೂ ಗಿಡ್ಡವೇ ಎಂದು ತೋರಿದರೆ ಬುಡಕ್ಕೊಂದು ಸ್ಪ್ರಿಂಗ್ ಹಾಕಿ. 1ರಲ್ಲೂ 40ರಲ್ಲೂ ಸಮನಾಗಿ 2ಕ್ಕಿಂತ ಮೇಲೆ ನಿಂತರೆ ಉದ್ದ ಸರಿಯಿದೆ, ಗ್ರೌಂಡೋ ಆಂಟೆನಾ ಕೂರಿಸಿದ ಜಾಗವೋ ಸರಿಯಿಲ್ಲ.

20ರಲ್ಲಿ 1.5ರ ಕೆಳಗೆ, ಎರಡು ತುದಿಗಳಲ್ಲಿ ಸರಿಸುಮಾರು ಸಮನಾಗಿ 2ರೊಳಗೆ ಬಂದರೆ ಅಲ್ಲಿಗೆ ಬಿಡಿ. 1.5ರಲ್ಲಿ ಹಿಂದಿರುಗುವ ಶಕ್ತಿ ನೂರಕ್ಕೆ 4, 2ರಲ್ಲಿ 11, 3ರಲ್ಲಿ 25. 1.5ನ್ನು 1.1 ಮಾಡಲು ಸಂಜೆಯವರೆಗೆ ಗುದ್ದಾಡಿದರೂ ಆಚೆ ಕಡೆಯವರ ಕಿವಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಇನ್ನೊಂದನ್ನು ಒತ್ತಿ ಹೇಳಬೇಕು: ಮೀಟರಿನ ಒಳ್ಳೆಯ ಅಂಕಿ ಒಳ್ಳೆಯ ಆಂಟೆನಾಗೆ ಪುರಾವೆಯಲ್ಲ. 50 ಓಮ್‌ನ ಡಮ್ಮಿ ಲೋಡ್ (ಆಂಟೆನಾ ಬದಲಿಗೆ ಹಾಕುವ ಬರಿಯ ರೆಸಿಸ್ಟರ್) ಕೂಡ 1 ತೋರಿಸುತ್ತದೆ, ಆದರೆ ಮಾತು ಎಲ್ಲಿಗೂ ಹೋಗುವುದಿಲ್ಲ. ನೀರು ಕುಡಿದ ಹಳೆಯ ಕೇಬಲ್ಲೂ ಹೋಗುವಾಗ ಅರ್ಧ, ಬರುವಾಗ ಅರ್ಧ ಶಕ್ತಿ ನುಂಗಿ ಚಂದದ ಅಂಕಿ ಕೊಡುತ್ತದೆ. ಗ್ರೌಂಡಿನ ಕೆಲಸವನ್ನು ಮೀಟರಿಗಿಂತ ಮೊದಲು ಮಾಡಬೇಕು ಎನ್ನುವುದು ಇದೇ ಕಾರಣಕ್ಕೆ.

ಸಂಪರ್ಕ ಸಿಕ್ಕಮೇಲೆ ಗದ್ದಲ. ರೇಡಿಯೋಗೆ ಬ್ಯಾಟರಿಯಿಂದಲೇ ನೇರ ವೈರ್ ಎಳೆಯಿರಿ, ಪಾಸಿಟಿವ್‌ನಲ್ಲಿ ಬ್ಯಾಟರಿಯ ಹತ್ತಿರವೇ ಸೆಟ್ಟಿಗೆ ಹೇಳಿದ ಫ್ಯೂಸ್ ಇರಲಿ, ಸಾಮಾನ್ಯವಾಗಿ 2 ಅಥವಾ 3 ಆಂಪ್. ಲೈಟರ್ ಸಾಕೆಟ್ಟಿನಲ್ಲಿ ವೋಲ್ಟೇಜ್ ಬೀಳುತ್ತದೆ, ಉಳಿದ ಉಪಕರಣಗಳ ಗದ್ದಲವೂ ಸೇರುತ್ತದೆ. ಎಂಜಿನ್ ಶುರು ಮಾಡಿದಾಗ ಮೊರೆತ ಬಂದರೆ ಆಂಟೆನಾ ಪ್ಲಗ್ ಕಿತ್ತು ನೋಡಿ. ಮೊರೆತ ಉಳಿದರೆ ಅದು ಬಂದದ್ದು ಪವರ್ ವೈರಿನಿಂದ, ನಿಂತರೆ ಆಂಟೆನಾದಿಂದ. ಎಂಜಿನ್ ವೇಗದೊಂದಿಗೆ ಏರುವ ಸೀಟಿಯಂಥ ಸದ್ದು ಆಲ್ಟರ್ನೇಟರಿನದು. ಟಿಕ್‌ಟಿಕ್ ಎನ್ನುವುದು ಸ್ಪಾರ್ಕಿನದು, ರೆಸಿಸ್ಟರ್ ಇರುವ ಪ್ಲಗ್ ಹಾಕಿ ಬಾನೆಟ್ಟನ್ನು ಗಾಡಿಯ ಮೈಗೆ ತಾಮ್ರದ ಪಟ್ಟಿಯಿಂದ ಜೋಡಿಸಿದರೆ ತಗ್ಗುತ್ತದೆ. ಎಲ್‌ಇಡಿ ಬಾರ್, ಅಗ್ಗದ ಫೋನ್ ಚಾರ್ಜರುಗಳನ್ನು ಒಂದೊಂದಾಗಿ ಆರಿಸಿ ಪರೀಕ್ಷಿಸಿ, ಎಷ್ಟೋ ಸಲ ಅವೇ ಮೂಲ. ಸ್ಕ್ವೆಲ್ಚನ್ನು (ಯಾರೂ ಮಾತಾಡದಾಗ ಗದ್ದಲ ಮುಚ್ಚುವ ತಿರುಪನ್ನು) ಶೂ ಎನ್ನುವ ಸದ್ದು ನಿಲ್ಲುವಲ್ಲಿಗೆ ಮಾತ್ರ ತಿರುಗಿಸಿ. ಅದಕ್ಕಿಂತ ಮುಂದೆ ಹೋದರೆ ಗುಡ್ಡದಾಚೆಯ ಸಣ್ಣ ದನಿ ಸದ್ದಿಲ್ಲದೆ ತಪ್ಪಿಹೋಗುತ್ತದೆ.

ಹೊರಗಿನ ಜೋಡಣೆಗಳಿಗೆಲ್ಲ ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪ್ ಎಳೆದು ಸುತ್ತಿ, ಮೇಲೆ ವಿನೈಲ್ ಟೇಪ್ ಹಾಕಿ. ವಿನೆಗರ್ ವಾಸನೆಯ ಸಿಲಿಕೋನ್ ಹಚ್ಚಬೇಡಿ, ಅದು ಹೊಮ್ಮಿಸುವ ಆಮ್ಲ ತಾಮ್ರವನ್ನು ತಿನ್ನುತ್ತದೆ. ಕಲ್ಲುದಾರಿಯ ಒಂದು ದಿನದ ಕುಲುಕಾಟಕ್ಕೆ ಸ್ಟಡ್ ಸಡಿಲವಾಗುವುದುಂಟು, ಹಿಂದಿರುಗಿದ ಮೇಲೆ ಸ್ಪ್ಯಾನರ್ ಹಾಕಿ ನೋಡಿ. ಚಾವಣಿಗೆ ರ‍್ಯಾಕ್, ಹಿಂದೆ ಡೀಸೆಲ್ ಕ್ಯಾನ್ ಹೀಗೆ ಆಂಟೆನಾ ಬಳಿ ಲೋಹದ್ದೇನಾದರೂ ಹೊಸದಾಗಿ ಸೇರಿದರೆ 1, 20, 40ರ ಮೂರೂ ರೀಡಿಂಗನ್ನು ಮತ್ತೆ ತೆಗೆಯಬೇಕು.