ಸೊಂಟದ ಆಪರೇಷನ್ ಆದ ಅಜ್ಜಿಯನ್ನು ಮಲಗಿಸಿಯೇ ಇಡಬೇಕಾ?

ತುಮಕೂರು ಸುತ್ತಮುತ್ತ ಮನೆ ಮನೆಗೆ ಹೋಗಿ ಫಿಸಿಯೋಥೆರಪಿ ಮಾಡಿಸುವುದು ನನ್ನ ಕೆಲಸ. ಕ್ಯಾತ್ಸಂದ್ರಕ್ಕೆ ಹೋದರೂ ಅಷ್ಟೇ, ಗುಬ್ಬಿಗೆ ಹೋದರೂ ಅಷ್ಟೇ. ವಾಪಸ್ ಹೊರಡುವಾಗ ಮಗನೋ ಸೊಸೆಯೋ ಗೇಟಿನ ತನಕ ಬಂದು ಮೆಲ್ಲಗೆ ಕೇಳುತ್ತಾರೆ: "ಮೇಡಂ, ಒಂದ್ಸಲ ಬಿದ್ದಿದ್ದಕ್ಕೇ ಇಷ್ಟಾಯ್ತು. ಇನ್ನು ಮಂಚದ ಮೇಲೇ ಇರಲಿ ಬಿಡಿ, ಎಲ್ಲಾ ನಾವೇ ಮಾಡ್ತೀವಿ. ಓಡಾಡದಿದ್ರೆ ಬೀಳೋದೂ ಇಲ್ಲ, ಅಲ್ವಾ?"

ಬೇಡ. ದಯವಿಟ್ಟು ಮಲಗಿಸಿ ಇಡಬೇಡಿ.

ನಾವು ಸೊಂಟ ಮುರಿದಿದೆ ಅನ್ನುತ್ತೇವೆ. ಮುರಿದಿರುವುದು ತೊಡೆಮೂಳೆಯ ಮೇಲ್ತುದಿ. ಡಾಕ್ಟರು ಅಲ್ಲಿಗೆ ರಾಡು, ಸ್ಕ್ರೂ ಹಾಕುವುದು, ಇಲ್ಲವೇ ಕೃತಕ ಚೆಂಡು ಕೂರಿಸುವುದು ಅಜ್ಜಿ ಬೇಗ ಎದ್ದು ನಿಲ್ಲಲಿ ಅಂತಲೇ. ಎಷ್ಟೋ ಜನರನ್ನು ಆಪರೇಷನ್ ಆದ ಮರುದಿನವೇ ನಿಲ್ಲಿಸುತ್ತಾರೆ. ಮನೆಗೆ ತಂದು ಮತ್ತೆ ಮಲಗಿಸಿದರೆ ಬೆನ್ನಿಗೆ, ಹಿಮ್ಮಡಿಗೆ ಹುಣ್ಣಾಗುತ್ತೆ. ಕಫ ಕಟ್ಟಿ ನ್ಯುಮೋನಿಯಾ ಬರಬಹುದು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ತೊಡೆಯ ಶಕ್ತಿ ದಿನದಿನಕ್ಕೆ ಇಳಿಯುತ್ತೆ, ಆಮೇಲೆ ಎದ್ದ ದಿನ ಬೀಳುವ ಭಯ ಮೊದಲಿಗಿಂತ ಜಾಸ್ತಿ. ಆ ಕಾಲಿನ ಮೇಲೆ ಎಷ್ಟು ಭಾರ ಬಿಡಬಹುದು ಅಂತ ಡಿಸ್ಚಾರ್ಜ್ ಆಗುವ ಮೊದಲೇ ಆಪರೇಷನ್ ಮಾಡಿದ ಡಾಕ್ಟರನ್ನು ಕೇಳಿಕೊಳ್ಳಿ.

ಹಾಗಾಗಿ ನಾನು ಮೊದಲು ನೋಡುವುದು ಮನೆಯನ್ನು. ಅದರಲ್ಲೂ ಮಂಚದಿಂದ ಬಚ್ಚಲಿಗೆ ಹೋಗುವ ದಾರಿ.

ಗುಬ್ಬಿ ಕಡೆ ಒಂದು ಹಳೇ ಮನೆ. ಅಜ್ಜಿ ವಾಕರ್ ಹಿಡಿದು ಚೆನ್ನಾಗಿಯೇ ನಡೆಯುತ್ತಿದ್ದರು. ಆದರೆ ಬಚ್ಚಲ ಬಾಗಿಲು ವಾಕರ್‌ಗಿಂತ ಕಿರಿದು. ಅದನ್ನು ಯಾರೂ ಅಳೆದು ನೋಡಿರಲಿಲ್ಲ. ಅಜ್ಜಿ ದಿನಾ ವಾಕರನ್ನು ಹೊರಗೇ ಬಿಟ್ಟು, ಗೋಡೆ ಸವರಿಕೊಂಡು ಒಳಗೆ ಹೋಗಿ, ಏಳುವಾಗ ಟವೆಲ್ ರಾಡ್ ಹಿಡಿಯುತ್ತಿದ್ದರಂತೆ. ನಾನು ಅದನ್ನು ಕೈಯಲ್ಲಿ ಎಳೆದು ನೋಡಿದೆ. ಒಂದು ಕಡೆಯ ಸ್ಕ್ರೂ ಗಾರೆ ಸಮೇತ ಈಚೆ ಬಂತು. ಅಜ್ಜಿ ನನ್ನ ಕೈಯನ್ನೇ ನೋಡುತ್ತಾ ನಿಂತುಬಿಟ್ಟರು. ಅವತ್ತು ಸಂಜೆಯೇ ಅವರ ಮಗ ಪ್ಲಂಬರ್‌ನನ್ನು ಕರೆಸಿ, ಗೋಡೆಗೆ ಗಟ್ಟಿ ಬೋಲ್ಟ್ ಹಾಕಿಸಿ ಸ್ಟೀಲ್ ಹಿಡಿ ಕೂರಿಸಿದರು. ಕಮೋಡಿನ ಪಕ್ಕ ಒಂದು, ಬಾಗಿಲ ಒಳಗಡೆ ಒಂದು.

ಕೆಳಗೆ ಕೂರುವ ಟಾಯ್ಲೆಟ್ ಇದ್ದರೆ ಕಮೋಡ್ ಚೇರ್ ತನ್ನಿ, ಕಾಲಿಗೆ ರಬ್ಬರ್ ಇರುವಂಥದ್ದು. ಸ್ನಾನಕ್ಕೆ ಮಣೆ ಬೇಡ, ಅಲ್ಲಾಡದ ಕುರ್ಚಿ ಇರಲಿ. ಕಾಲೊರಸನ್ನು ತೆಗೆದುಬಿಡಿ, ವಾಕರ್ ಕಾಲು ಸಿಕ್ಕಿಕೊಳ್ಳುವುದು ಅದಕ್ಕೇ. ಸೀರೆಯನ್ನು ಸ್ವಲ್ಪ ಮೇಲಕ್ಕೆ ಉಡಿಸಿ. ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವ ಚಪ್ಪಲಿ ಕೊಡಿ.

ರಾತ್ರಿಯ ವಿಷಯ ಬೇರೆಯೇ. ಮೂತ್ರಕ್ಕೆ ಅವಸರ, ಕತ್ತಲು, ಮಕ್ಕಳನ್ನು ಎಬ್ಬಿಸಲು ಸಂಕೋಚ. ದಾರಿಯಲ್ಲಿ ಸಣ್ಣ ಬಲ್ಬ್ ಉರಿಯುತ್ತಿರಲಿ. ಕನ್ನಡಕ, ವಾಕರ್ ಎರಡೂ ಕೈಗೆ ಸಿಗುವ ಹಾಗಿರಲಿ. ತಲೆದಿಂಬಿನ ಹತ್ತಿರ ಒಂದು ಗಂಟೆ ಇಡಿ. ಬಾರಿಸಿದರೆ ಬೇಜಾರಿಲ್ಲ ಅಂತ ಬಾಯಿಬಿಟ್ಟು ಹೇಳಿ, ಸುಮ್ನೆ ಇಟ್ಟರೆ ಅವರು ಬಾರಿಸುವುದಿಲ್ಲ. ಎದ್ದ ಕೂಡಲೇ ನಿಲ್ಲಬಾರದು, ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂರಬೇಕು. ಬಿಪಿ ಮಾತ್ರೆ, ನಿದ್ದೆ ಮಾತ್ರೆಯಿಂದ ತಲೆ ಸುತ್ತುತ್ತಿದ್ದರೆ ಡಾಕ್ಟರಿಗೆ ಹೇಳಿ, ನೀವೇ ನಿಲ್ಲಿಸಬೇಡಿ.

"ರಾಗಿ ಮುದ್ದೆ ತಿಂತಾರಲ್ಲ, ಮೂಳೆ ಗಟ್ಟಿ ಇರಬೇಕಿತ್ತು" ಅನ್ನುವವರೂ ಇದ್ದಾರೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ಒಳ್ಳೆಯದೇ. ಆದರೆ ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಸವೆಯುತ್ತೆ. ಅದು ಮುದ್ದೆಯೊಂದರಿಂದ ನಿಲ್ಲುವುದಲ್ಲ. ಒಂದು ಸಲ ಮುರಿದವರಿಗೆ ಇನ್ನೊಂದು ಮೂಳೆ ಮುರಿಯುವ ಸಾಧ್ಯತೆಯೂ ಹೆಚ್ಚು. ಮೂಳೆ ಸವೆತಕ್ಕೆ ಔಷಧಿ ಬೇಕಾ ಅಂತ ಕೇಳಿ. ಊಟದಲ್ಲಿ ಹುರುಳಿ, ಅವರೆಕಾಳು, ಮೊಟ್ಟೆ, ಹಾಲು ಇರಲಿ.

ಮೀನಖಂಡ ಊದಿಕೊಂಡು ನೋಯುತ್ತಿದ್ದರೆ, ಗಾಯದಲ್ಲಿ ಕೀವು ಬಂದರೆ, ಕಾಲು ಇದ್ದಕ್ಕಿದ್ದಂತೆ ಗಿಡ್ಡವಾಗಿ ಹೊರಕ್ಕೆ ತಿರುಗಿದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಉಬ್ಬಸ ಬಂದರಂತೂ ತಡ ಮಾಡದೆ 108ಕ್ಕೆ ಫೋನ್ ಮಾಡಿ.

ಆ ಗುಬ್ಬಿಯ ಅಜ್ಜಿಗೆ ಚೆಂಡು ಹಾಕಿದ್ದರು. ಬಗ್ಗುವ ಹಾಗಿಲ್ಲ, ನೆಲಕ್ಕೆ ಕೂರುವ ಹಾಗಿಲ್ಲ, ಕಾಲ ಮೇಲೆ ಕಾಲು ಹಾಕುವ ಹಾಗಿಲ್ಲ ಅಂತ ಡಾಕ್ಟರು ಹೇಳಿದ್ದರು. ಎಲ್ಲಕ್ಕೂ ಒಪ್ಪಿದ ಅಜ್ಜಿ ಒಂದಕ್ಕೆ ಮಾತ್ರ ಕಣ್ಣೀರು ಹಾಕಿದರು. ಶುಕ್ರವಾರ ಹೊಸಿಲಿಗೆ ಅರಿಶಿನ ಹಚ್ಚುವವರು ಯಾರು? ಈಗ ಬಾಗಿಲ ಪಕ್ಕ ಕೈ ಇರುವ ಎತ್ತರದ ಕುರ್ಚಿ ಹಾಕುತ್ತಾರೆ. ಅಜ್ಜಿ ಮಂಚದಿಂದ ಅಲ್ಲಿಯವರೆಗೆ ವಾಕರ್‌ನಲ್ಲಿ ನಡೆದು ಬಂದು, ಕುರ್ಚಿ ಕಾಲಿಗೆ ತಾಗಿದ ಮೇಲೆ ಕೂರುತ್ತಾರೆ. ಅರಿಶಿನದ ಬಟ್ಟಲು ಅವರ ಕೈಯಲ್ಲಿ. ಹಚ್ಚುವುದು ಸೊಸೆ. "ಆ ಮೂಲೆಗೆ ಬಿಟ್ಟೆಯಲ್ಲೇ" ಅಂತ ಅಜ್ಜಿ ಕೂತಲ್ಲಿಂದಲೇ ತೋರಿಸುತ್ತಾರೆ.