ಅಕಿರಾ ಇಫುಕುಬೆ: ಗಾಡ್ಜಿಲ್ಲಾದ ಘರ್ಜನೆಯ ಹಿಂದಿನ ಅರಣ್ಯಾಧಿಕಾರಿ

ಮೇ 31, 2025, ಶನಿವಾರ

ಜಪಾನಿನ ಸಂಗೀತ ಸಂಯೋಜಕ ಅಕಿರಾ ಇಫುಕುಬೆ ಹುಟ್ಟಿದ್ದು 1914ರ ಮೇ 31ರಂದು. ಊರು ಹೊಕ್ಕೈಡೋದ ಕುಶಿರೊ. ಕಾಲೇಜಿನಲ್ಲಿ ಓದಿದ್ದು ಅರಣ್ಯಶಾಸ್ತ್ರ. ಸಂಗೀತ ಬಹುಪಾಲು ಸ್ವಂತ ಕಲಿಕೆ. 1935ರಲ್ಲಿ ‘ಜಪಾನೀ ರಾಪ್ಸೊಡಿ’ ಎಂಬ ವಾದ್ಯಗೋಷ್ಠಿಯ ಕೃತಿಗೆ ರಷ್ಯನ್ ಸಂಯೋಜಕ ಚೆರೆಪ್ನಿನ್ ಹೆಸರಿನ ಬಹುಮಾನ ಬಂದರೂ ಅರಣ್ಯದ ನೌಕರಿಗೇ ಹೋದರು. ಯುದ್ಧಕಾಲದಲ್ಲಿ ಮಾಡಿದ್ದು ಮರದ ಕಂಪನದ ಸಂಶೋಧನೆ. ಶಬ್ದ ಯಾವ ವಸ್ತುವಿನಿಂದ ಹುಟ್ಟುತ್ತದೆ ಎಂಬ ಆ ಗಮನ ಅವರ ಸಿನಿಮಾ ಕೆಲಸದಲ್ಲೂ ಎದ್ದು ಕಾಣುತ್ತದೆ.

ಅವರು ಸಂಗೀತ ಕೊಟ್ಟ ಮೊದಲ ಚಿತ್ರ 1947ರ ‘ಗಿನ್ರೇಯಿ ನೊ ಹಾತೆ’. ಹಿಮದಲ್ಲಿ ನಲಿಯುತ್ತಾ ಜಾರುವ ದೃಶ್ಯಕ್ಕೆ ನಿರ್ದೇಶಕ ತಾನಿಗುಚಿ ಉಲ್ಲಾಸದ ಸಂಗೀತ ಕೇಳಿದರೆ, ಇವರು ಕಾರ್ ಆಂಗ್ಲೆ ಎಂಬ ಒಂದೇ ಊದುವಾದ್ಯದ ನಿಧಾನದ, ಒಂಟಿತನದ ರಾಗ ಬರೆದರು. ಜಗಳವೇ ಆಯಿತು. ಚಿತ್ರಕಥೆ ಬರೆದ ಕುರೊಸಾವಾ ನಡುವೆ ಬಂದು ಬಗೆಹರಿಸಿದರು, ರಾಗ ಉಳಿಯಿತು. ನಗುವವನ ಬೆನ್ನಿಗಿರುವ ದುಃಖ ಕೇಳಿಸುವುದು ಆ ರಾಗದಿಂದಲೇ.

1954ರ ದೈತ್ಯಮೃಗದ ಚಿತ್ರ ‘ಗಾಡ್ಜಿಲ್ಲಾ’ದ ಘರ್ಜನೆಗೆ ಮೊದಲು ಪ್ರಾಣಿಗಳ ಕೂಗು ಹಾಕಿ ನೋಡಿದರು, ಹೊಂದಲಿಲ್ಲ. ಇಫುಕುಬೆ ಪಿಟೀಲಿನ ಜಾತಿಯ ದೊಡ್ಡ ತಂತಿವಾದ್ಯ ಡಬಲ್ ಬಾಸ್‌ನ ತಂತಿ ಸಡಿಲಿಸಿ, ರಾಳ ಹಚ್ಚಿದ ಚರ್ಮದ ಕೈಗವಸಿನಿಂದ ತಂತಿಯುದ್ದಕ್ಕೂ ಉಜ್ಜಿಸಿದರು. ರಾಳ ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಆ ಕಿತ್ತಾಟವೇ ಶಬ್ದ. ರಾಳ ಸಾಲದಿದ್ದರೆ ಗವಸು ಸುಮ್ಮನೆ ಜಾರಿಹೋಗುತ್ತದೆ. ಆ ಧ್ವನಿಮುದ್ರಣವನ್ನು ವೇಗ ತಗ್ಗಿಸಿ ನುಡಿಸಿದರು. ಟೇಪಿನ ವೇಗ ಅರ್ಧವಾದರೆ ಶಬ್ದ ಒಂದು ಸ್ಥಾಯಿ ಕೆಳಗಿಳಿಯುತ್ತದೆ, ಉದ್ದ ಎರಡರಷ್ಟಾಗುತ್ತದೆ. ತಂತಿಯ ಕಿರುಚು ದೊಡ್ಡ ಎದೆಯಿಂದ ಬಂದಂತಾಗುತ್ತದೆ.

ಮುಖ್ಯ ರಾಗವನ್ನು ನಮ್ಮ ಸ್ವರಗಳಲ್ಲಿ ಹೇಳಬಹುದು: ಗರಿಸ, ಗರಿಸ, ಗರಿಸನಿಸರಿಗರಿಸ. ಕರ್ನಾಟಕ ಸಂಗೀತದ ಹೆಸರುಗಳಲ್ಲಿ ಗ ಸಾಧಾರಣ, ರಿ ಚತುಶ್ರುತಿ, ನಿ ಮಂದ್ರದ (ಕೆಳಸ್ಥಾಯಿಯ) ಕೈಶಿಕಿ. ನಾಲ್ಕೇ ಸ್ವರ! ಎರಡು ಸಲ ಮೂರರಲ್ಲಿ ನಿಂತದ್ದು ಮೂರನೆಯ ಸಲ ನಿಲ್ಲದೆ ಒಂಬತ್ತಕ್ಕೆ ಹರಿಯುವುದರಿಂದಲೇ ಅದಕ್ಕೆ ಆ ನುಗ್ಗು. 1954ರ ಆ ಚಿತ್ರದಲ್ಲಿ ಇದು ಮೃಗದ ರಾಗವಲ್ಲ, ಅದರೆದುರು ನಿಲ್ಲುವ ಸೈನ್ಯದ್ದು. ಮೃಗಕ್ಕೆ ಅಂಟಿಕೊಂಡದ್ದು ಆಮೇಲೆ.

ಅವರು ಮೇಷ್ಟರೂ ಹೌದು: ಸಂಯೋಜಕರಾದ ಅಕುತಗಾವಾ ಯಾಸುಶಿ, ಮಾಯುಜುಮಿ ತೋಶಿರೊ ಇಫುಕುಬೆಯ ಶಿಷ್ಯರು. 1976ರಲ್ಲಿ ಟೋಕಿಯೋ ಸಂಗೀತ ಕಾಲೇಜಿನ ಅಧ್ಯಕ್ಷರಾದರು. ತೀರಿಕೊಂಡದ್ದು 2006ರಲ್ಲಿ.

ಹೊಸಬರು 1983ರ ‘ಸಿಂಫೊನಿಕ್ ಫ್ಯಾಂಟಸಿಯಾ’ 1ರಿಂದ ಶುರುಮಾಡಿ. ಸಿನಿಮಾ ರಾಗಗಳನ್ನು ಅವರೇ ವಾದ್ಯಗೋಷ್ಠಿಗೆ ಹೆಣೆದದ್ದು. ಫೋನಿನ ಸ್ಪೀಕರ್ ಬೇಡ. ಡಬಲ್ ಬಾಸ್‌ನ ಕೆಳಗಿನ ತಂತಿ ಸುಮಾರು 41 ಹರ್ಟ್ಜ್, ಅಷ್ಟು ಕೆಳಗಿನದು ಅದರಲ್ಲಿ ಬರುವುದೇ ಇಲ್ಲ. ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ.