ವಾಗ್ದಾನದ ಚೀಟಿ, ಬಸಳೆ ಚಪ್ಪರ

ಗಲ್ಫ್‌ನಿಂದ ಕೆಲಸ ಕಳೆದುಕೊಂಡು ಬಂದವರ ಮನೆಗೆ ಯಾರೇ ಬರಲಿ, ಕೇಳುವುದು ಒಂದೇ: "ಇನ್ನು ಮುಂದೆ ಏನು?" ಮಂಗಳೂರಿನಲ್ಲಿ ಈ ಮಾತು ಕೇಳಿಸದ ಓಣಿ ಇಲ್ಲ. ನಮ್ಮ ಮನೆಯವರನ್ನು ಕುವೈತಿನ ಕಂಪನಿ ಕಳೆದ ಮಳೆಗಾಲದಲ್ಲಿ ಕಳಿಸಿಬಿಟ್ಟಿತು. ಮಗಳು ಪಿಯುಸಿ. ಮನೆಯ ಸಾಲ ಇನ್ನೂ ತೀರಿಲ್ಲ. ನನ್ನ ಬಳೆಗಳು ಅಡವಿಗೆ ಹೋದವು. ಈಗ ಇವರಿಗೆ ಬೈಕಂಪಾಡಿಯ ಒಂದು ಗೋದಾಮಿನಲ್ಲಿ ಕೆಲಸ. ಸಂಬಳ ಮೊದಲಿನ ಅರ್ಧವೂ ಇಲ್ಲ.

ಆದರೂ ನಮ್ಮ ಮನೆಯಲ್ಲಿ ನೆಮ್ಮದಿ ಇದೆ. ತೋರಿಕೆಗೆ ಹೇಳುವ ಮಾತಲ್ಲ. ಅದು ಎಲ್ಲಿಂದ ಬಂತು ಎಂದು ಬರೆಯಬೇಕು ಅನಿಸಿತು.

ನಮ್ಮ ಚರ್ಚಿನ ಸಭೆಯಲ್ಲಿ ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ಮನೆಗೊಂದು ವಾಗ್ದಾನದ ಚೀಟಿ, ಅಂದರೆ ಬೈಬಲಿನ ಒಂದು ವಚನ ಬರೆದ ಚೀಟಿ ಕೊಡುತ್ತಾರೆ. ಆ ವರ್ಷ ನಮಗೆ ಬಂದದ್ದು ಯೆರೆಮೀಯ 29ನೇ ಅಧ್ಯಾಯದ 11ನೇ ವಚನ. ದೇವರು ನಮ್ಮ ಬಗ್ಗೆ ಯೋಚಿಸುವುದು ಒಳ್ಳೆಯದನ್ನೇ, ನಮಗೆ ಮುಂದೆ ಒಂದು ಗತಿಯನ್ನೂ ನಿರೀಕ್ಷೆಯನ್ನೂ ಕೊಡುತ್ತಾನೆ ಎಂಬ ಮಾತು. ಕ್ರೈಸ್ತರ ಮನೆಗಳಲ್ಲಿ ಕ್ಯಾಲೆಂಡರ್ ಮೇಲೆ, ಗೋಡೆಯ ಮೇಲೆ ಎಲ್ಲ ಕಡೆ ಇರುವ ವಚನ ಇದು. ಅತ್ತೆ ಅದನ್ನು ಫ್ರಿಜ್ಜಿಗೆ ಅಂಟಿಸಿದ್ದರು. ಕೆಲಸ ಹೋದ ಸುದ್ದಿ ಬಂದಾಗಲೂ ಅದು ಅಲ್ಲೇ ಇತ್ತು.

ಒಂದು ರಾತ್ರಿ ನಿದ್ದೆ ಬಾರದೆ ನಾನು ಆ ಅಧ್ಯಾಯವನ್ನು ಮೊದಲಿನಿಂದ ಓದಿದೆ. ಅದು ಒಂದು ಕಾಗದ. ಯೆರೂಸಲೇಮಿನಿಂದ ಬಾಬೆಲಿಗೆ ಸೆರೆ ಹೋದ ಜನರಿಗೆ ಪ್ರವಾದಿ ಯೆರೆಮೀಯ ಬರೆದದ್ದು. ಮನೆ, ಊರು, ದೇವಾಲಯ ಎಲ್ಲ ಬಿಟ್ಟು ಪರದೇಶದಲ್ಲಿ ಕೂತ ಜನ. ಅವರಿಗೆ ಅವನು ಹೇಳುವುದೇನು? ಮನೆ ಕಟ್ಟಿ, ವಾಸ ಮಾಡಿ. ತೋಟ ಮಾಡಿ, ಅದರ ಫಲ ತಿನ್ನಿ. ಮಕ್ಕಳಿಗೆ ಮದುವೆ ಮಾಡಿ. ನೀವು ಇರುವ ಪಟ್ಟಣಕ್ಕಾಗಿ ಪ್ರಾರ್ಥಿಸಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮ. ಇಷ್ಟೆಲ್ಲ ಆದ ಮೇಲೆ 10ನೇ ವಚನದಲ್ಲಿ ಬರುತ್ತದೆ: ಬಿಡುಗಡೆ ಆಗುವುದು 70 ವರ್ಷ ತುಂಬಿದ ಮೇಲೆ. ಚೀಟಿಯ ವಚನ ಬರುವುದು ಅದರ ನಂತರ!

ಅದಕ್ಕೆ ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬ ಇನ್ನೊಬ್ಬ ಪ್ರವಾದಿ ಇದ್ದಾನೆ. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಜನರ ಮುಂದೆ ಸಾರಿದವನು. ಅವನ ಮಾತು ಸುಳ್ಳಾಯಿತು. ಇವತ್ತು ಮೊಬೈಲ್ ತೆರೆದರೆ ಹನನ್ಯನ ಮಾತೇ ಜಾಸ್ತಿ ಕೇಳಿಸುತ್ತದೆ. ವಿಶ್ವಾಸ ಇಡಿ, ಈ ತಿಂಗಳೇ ಕೆಲಸ ಬರುತ್ತದೆ, ಸಾಲ ತೀರುತ್ತದೆ ಎನ್ನುವ ಪ್ರಸಂಗಗಳು. ನನಗೆ ಅದು ಸರಿ ಕಾಣುವುದಿಲ್ಲ. ಕೆಲಸ ಬಾರದೆ ಇದ್ದ ಮನೆಯವರು ಆಮೇಲೆ ತಮ್ಮ ವಿಶ್ವಾಸವೇ ಸಾಲದು ಎಂದು ಕೊರಗುತ್ತಾರೆ ಅಲ್ವಾ? ಸಂತೃಪ್ತಿಯ ಬಗ್ಗೆ ಫಿಲಿಪ್ಪಿ ಪಟ್ಟಣದ ಸಭೆಯವರಿಗೆ ಕಾಗದ ಬರೆದ ಅಪೊಸ್ತಲ ಪೌಲನು ಅದನ್ನು ಬರೆದದ್ದು ಬೇಡಿ ಹಾಕಿಸಿಕೊಂಡು ಸೆರೆಯಲ್ಲಿದ್ದಾಗ. ಹೊಟ್ಟೆ ತುಂಬಿದ ದಿನವನ್ನೂ ಹಸಿದ ದಿನವನ್ನೂ ಕಂಡವನು ಅವನು. ಅದೇ ಕಾಗದದಲ್ಲಿ, ಸಭೆಯವರು ಎಪಫ್ರೊದೀತನ ಕೈಯಲ್ಲಿ ಕಳಿಸಿದ ನೆರವಿಗೆ ಉಪಕಾರವನ್ನೂ ನೆನೆಯುತ್ತಾನೆ.

ಆ ರಾತ್ರಿ ನನಗೆ ನಮ್ಮದೇ ಹಿರಿಯರ ನೆನಪಾಯಿತು. ನಮ್ಮದು ಬಾಸೆಲ್ ಮಿಶನ್ ಮೂಲದ ಮನೆತನ. 1834ರಲ್ಲಿ ಆ ಮಿಶನರಿಗಳು ಮಂಗಳೂರಿಗೆ ಬಂದರು. ಕ್ರೈಸ್ತರಾದ ಎಷ್ಟೋ ಮಂದಿಗೆ ಕುಟುಂಬವೂ ಹೋಯಿತು, ಮಾಡುತ್ತಿದ್ದ ಕಸುಬೂ ಹೋಯಿತು. ಅವರಿಗೆ ದುಡಿಮೆ ಬೇಕು ಎಂದೇ ನೇಯ್ಗೆ ಬಂತು, ಬಲ್ಮಠದ ಮುದ್ರಣಾಲಯ ಬಂತು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಬಂತು. ನನ್ನ ಅಜ್ಜನ ತಂದೆ ಹಂಚಿನ ಕೆಲಸದವರು. ಚರ್ಚೂ ಸಂಬಳವೂ ಒಂದೇ ಕೈಯಿಂದ. 1914ರಲ್ಲಿ ಯುದ್ಧ ಶುರುವಾಯಿತು. ಜರ್ಮನ್ ಮಿಶನರಿಗಳು ಬ್ರಿಟಿಷ್ ಸರಕಾರಕ್ಕೆ ಶತ್ರುಗಳಾದರು. ಅವರನ್ನು ಹಿಡಿದು ಶಿಬಿರಕ್ಕೆ ಹಾಕಿದರು, ಆಮೇಲೆ ದೇಶ ಬಿಡಿಸಿದರು. ಕಾರ್ಖಾನೆಗಳು ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಪಾಲಾದವು.

ಆ ಕಾಲದ ಕಥೆ ಅಜ್ಜಿ ಹೇಳುತ್ತಿದ್ದರು. ಆಗ ಎಲ್ಲರೂ ಕೇಳಿದ್ದು ಇದೇ ಪ್ರಶ್ನೆ, ಇನ್ನು ಮುಂದೆ ಏನು? ಆದರೆ ಭಾನುವಾರದ ಗಂಟೆ ನಿಲ್ಲಲಿಲ್ಲ. ಮನೆಮನೆಯ ಸಂಜೆ ಪ್ರಾರ್ಥನೆ ನಿಲ್ಲಲಿಲ್ಲ. ಒಬ್ಬರ ಮನೆಯ ಗಂಜಿ ಇನ್ನೊಬ್ಬರ ಮನೆಗೆ ಹೋಯಿತು. ಬಂದವರು ಹೋದರು, ಅವರು ಹೇಳಿಕೊಟ್ಟ ದೇವರು ಉಳಿದರು ಎಂದು ಅಜ್ಜಿ ಹೇಳುವಾಗ ಅವರ ದನಿ ಗಟ್ಟಿಯಾಗುತ್ತಿತ್ತು.

ಇಷ್ಟು ತಿಳಿದ ಮೇಲೆ ಚೀಟಿಯ ವಚನ ನನಗೆ ಇನ್ನೂ ಹತ್ತಿರವಾಯಿತು. ಅದು ಕುವೈತಿನ ಕೆಲಸ ವಾಪಸ್ ಕೊಡಿಸುವ ಮಾತಲ್ಲ. ಕೆಲಸ ಇದ್ದರೂ ಹೋದರೂ ನಾವು ದೇವರ ಕೈಯಲ್ಲೇ ಇದ್ದೇವೆ ಎನ್ನುವ ಮಾತು. ಅದನ್ನು ನಂಬಿದ ಮೇಲೆ ನಿದ್ದೆ ಬರುತ್ತಿದೆ. ಸಾಲದ ಕಂತಿನ ದಿನ ಎದೆ ಸ್ವಲ್ಪ ಹೊಡೆದುಕೊಳ್ಳುತ್ತದೆ, ಅದೂ ನಿಜ. ಆದರೆ ಆ ಹೆದರಿಕೆ ಮನೆಯನ್ನು ಆಳುವುದಿಲ್ಲ.

ಯೆರೆಮೀಯನು ಹೇಳಿದ ಕೆಲಸಗಳನ್ನೂ ಮಾಡುತ್ತಿದ್ದೇವೆ. ಹಿತ್ತಿಲಲ್ಲಿ ಇವರು ಬಸಳೆಗೆ ಚಪ್ಪರ ಹಾಕಿದ್ದಾರೆ. ಸೌತೆಬಳ್ಳಿಯೂ ಹಬ್ಬಿದೆ. ಮೊದಲ ಕಾಯಿಗಳು ಬೆಳೆ ಹಬ್ಬದ ಏಲಂಗೆ ಎಂದು ಅತ್ತೆ ಈಗಲೇ ಹೇಳಿಟ್ಟಿದ್ದಾರೆ. (ನಮ್ಮ ಚರ್ಚಿನ ಏಲಂ ನೋಡಬೇಕು. ಒಂದು ಸೌತೆಕಾಯಿಗೆ ಕೋಳಿಯ ರೇಟು ಬರುತ್ತದೆ, ಕೊಂಡವರು ಅದನ್ನು ಇನ್ನೊಬ್ಬರಿಗೆ ಕೊಟ್ಟುಬಿಡುತ್ತಾರೆ.) ನಾನು ಸ್ತ್ರೀಯರ ಕೂಟದವರ ಮೂಲಕ ಸಿಕ್ಕಿದ ಹೊಲಿಗೆ ಆರ್ಡರ್ ತೆಗೆದುಕೊಳ್ಳುತ್ತೇನೆ. ಮಗಳ ಫೀಸಿನ ಒಂದು ಭಾಗವನ್ನು ಸಭೆಯ ಒಬ್ಬರು ಕಟ್ಟಿದರು. ಹೆಸರು ಹೇಳಬೇಡಿ ಎಂದಿದ್ದಾರೆ.

ಸಂಜೆ ಪ್ರಾರ್ಥನೆಯಲ್ಲಿ ಈಗ ಊರಿನ ಪಾಲೂ ಇದೆ. ಬಂದರಿನ ಮೀನುಗಾರರು, ಬಸ್ಸಿನವರು, ಓಣಿಯ ಮಕ್ಕಳು. ಪಕ್ಕದ ಮನೆಯ ಬ್ಯಾರಿ ಹುಡುಗನೂ ಗಲ್ಫ್‌ನಿಂದ ಬರಿಗೈಯಲ್ಲಿ ಬಂದಿದ್ದಾನೆ. ಅವನ ಹೆಸರು ಹಿಡಿದು ದಿನಾ ಪ್ರಾರ್ಥಿಸುತ್ತೇವೆ, ಅವನ ಉಮ್ಮನಿಗೂ ಅದು ಗೊತ್ತು. ಇವರ ಗೋದಾಮಿನಲ್ಲಿ ಮೊನ್ನೆ ಒಂದು ಕೆಲಸ ಖಾಲಿಯಾಯಿತು. ಇವರು ಮ್ಯಾನೇಜರ್ ಹತ್ತಿರ ಅವನ ಬಗ್ಗೆ ಹೇಳಿದರು. ಸೋಮವಾರ ಬರಹೇಳಿದ್ದಾರೆ. ಬೆಳಿಗ್ಗೆ ಇಬ್ಬರೂ ಒಂದೇ ಬೈಕಿನಲ್ಲಿ ಹೋಗುತ್ತಾರೆ.